ಸಂಕರ: ಬೆರಕೆಯೂ ಅಲ್ಲ, ಶಂಕರನೂ ಅಲ್ಲ

ಬಿತ್ತನೆ ಬೀಜದ ಅಂಗಡಿಯೊಂದರ ಫಲಕದಲ್ಲಿ ಮೊನ್ನೆ ‘ಶಂಕರ ಕಡಲೆ ಬೀಜ ದೊರೆಯುತ್ತದೆ’ ಎಂದು ಬರೆದಿತ್ತು. ಇರುವುದು ನಾಲ್ಕು ಪದ, ಅದರಲ್ಲಿ ಎರಡು ತಪ್ಪು. ಒಂದು ಕಾಗುಣಿತದ್ದು: ಅದು ‘ಸಂಕರ’, ಅಂದರೆ ಹೈಬ್ರಿಡ್, ಆಗಬೇಕಿತ್ತು. ಇನ್ನೊಂದು, ಕಾಗುಣಿತ ತಿದ್ದಿದರೂ ಅಂಥ ಕಡಲೆ (ಶೇಂಗಾ ಅಲ್ಲ, ಬೇಳೆಯ ಕಡಲೆ) ಬೀಜ ಮಾರುಕಟ್ಟೆಯಲ್ಲೇ ಇಲ್ಲ.

ಮೊದಲು ಕಾಗುಣಿತದ ವಿಷಯ. ‘ಶಂ’ ಅಂದರೆ ಒಳಿತು. ಒಳಿತು ಮಾಡುವವನು ಶಂಕರ. ಅಲ್ಲಿನ ‘ಕರ’ ಹಿತಕರ, ಸುಖಕರಗಳಲ್ಲಿ ಇರುವಂಥದ್ದೇ, ಮಾಡು ಎಂಬರ್ಥದ ‘ಕೃ’ ಧಾತುವಿನದು. ಸಂಕರದ ‘ಕರ’ ಬಂದದ್ದು ದೀರ್ಘವಾದ ‘ಕೄ’ ಧಾತುವಿನಿಂದ. ಅದರ ಅರ್ಥ ಚೆಲ್ಲು, ಎರಚು. ಪ್ರಕೀರ್ಣ, ವಿಕಿರಣ, ಸಂಕೀರ್ಣ ಎಲ್ಲವೂ ಅದೇ ಮನೆಯ ಮಕ್ಕಳು. ಒಂದೇ ಕಡೆ ಎರಚಿದ್ದು ಒಂದರೊಳಗೊಂದು ಕಲಸಿಹೋಗುತ್ತದಲ್ಲ, ಅದು ಸಂಕರ. ಅಮರಕೋಶವಂತೂ ಪೊರಕೆಯ ಹೆಸರು ಹೇಳಿದ ಬೆನ್ನಿಗೇ, ಗುಡಿಸಿ ಬಿಸಾಡಿದ ಕಸಕ್ಕೂ ಸಂಕರ ಎನ್ನುತ್ತದೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ‘ವರ್ಣಸಂಕರ’ವೆಂದು ನಡುಗುವುದೂ ಇದೇ ಪದ ಹಿಡಿದುಕೊಂಡು. ಇಷ್ಟು ಕೆಟ್ಟ ಹೆಸರಿನ ಪದ ಬೀಜದ ಚೀಲದ ಮೇಲೆ ಬಂದರೆ ಯಾರಿಗೆ ಹಿತವಾದೀತು? ಜನ ಸಲೀಸಾಗಿ ದೇವರ ಹೆಸರು ಇಟ್ಟುಬಿಟ್ಟರು. ಗುಜರಾತಿನಲ್ಲೂ ಇದೇ ಕತೆ. ಅರಳೆ ವ್ಯಾಪಾರಿಗಳ ಬಾಯಲ್ಲಿರುವ ‘ಶಂಕರ್-6’ ಹತ್ತಿಯ ಹೆಸರಿನಲ್ಲಿ ಯಾವ ಶಂಕರನೂ ಇಲ್ಲ. ಅದು ‘ಸಂಕರ್’, ಅಂದರೆ ಹೈಬ್ರಿಡ್. ಇಂಗ್ಲಿಷಿನ ಆ ಪದಕ್ಕಾದರೂ ಮರ್ಯಾದೆಯ ಹುಟ್ಟಿದೆಯೇ ಅಂದರೆ ಅದೂ ಇಲ್ಲ. ಲ್ಯಾಟಿನ್ನಿನ ‘ಹೈಬ್ರಿಡಾ’ ಎಂದರೆ ಸಾಕು ಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ.

‘ಅಂದ್ರೆ ಬೆರಕೆ ಅನ್ನಿ’ ಎನ್ನುವವರಿಗೆ ನಮ್ಮ ಅಲಂಕಾರಶಾಸ್ತ್ರವೇ ಉತ್ತರ ಕೊಟ್ಟಿದೆ. ಒಂದು ಪದ್ಯದಲ್ಲಿ ಎರಡು ಅಲಂಕಾರ ಎಳ್ಳು ಅಕ್ಕಿಯ ಹಾಗೆ ಬೆರೆತು, ಬೇರೆ ಬೇರೆಯಾಗಿ ಕಾಣುತ್ತಿದ್ದರೆ ಅದು ಸಂಸೃಷ್ಟಿ. ಹಾಲು ನೀರಿನ ಹಾಗೆ, ಬಿಡಿಸಲಾಗದಂತೆ ಕಲೆತಿದ್ದರೆ ಸಂಕರ. ಒಂದೇ ಚೀಲದಲ್ಲಿ ಎರಡು ತಳಿಯ ಬೀಜ ಸೇರಿದ್ದರೆ ಅದು ಬೆರಕೆ: ಎಳ್ಳು, ಅಕ್ಕಿ. ಹೊಲದಲ್ಲಿ ಒಂದು ಗಿಡ ಮೊದಲು ಹೂ ಬಿಟ್ಟು ಇನ್ನೊಂದು ಹದಿನೈದು ದಿನ ತಡ ಮಾಡಿದರೆ ಅದಕ್ಕೆ ಕಾರಣ ಈ ಬೆರಕೆ ಇರಬಹುದು. ಸಂಕರ ನಡೆಯುವುದು ಚೀಲದೊಳಗಲ್ಲ, ಹೂವಿನೊಳಗೆ.

ಹೂವಿನೊಳಗೆ ನಡೆದದ್ದೆಲ್ಲ ಹೈಬ್ರಿಡ್ ಬೀಜವಾಗುವುದೂ ಇಲ್ಲ. ಸಂಕರಣ ಒಂದು ಕೆಲಸ, ಹೈಬ್ರಿಡ್ ಒಂದು ಸರಕು. ಎರಡು ತಳಿಗಳನ್ನು ಕೂಡಿಸಿದಾಗ ಸಿಗುವ ಮೊದಲ ಪೀಳಿಗೆಯ ಬೀಜವನ್ನೇ ರೈತನಿಗೆ ಮಾರಿದರೆ ಅದು ಹೈಬ್ರಿಡ್. ಅದರ ಕಾಳನ್ನು ಎತ್ತಿಟ್ಟು ಬಿತ್ತಿದರೆ ಗುಣ ಒಡೆಯುತ್ತದೆ. ಒಂದು ಗಿಡ ಅಪ್ಪನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ. ಅದೇ ಮೊದಲ ಪೀಳಿಗೆಯನ್ನು ಮಾರದೆ, ಆರೇಳು ಪೀಳಿಗೆ ತನ್ನಷ್ಟಕ್ಕೆ ಕಾಳು ಕಟ್ಟಲು ಬಿಟ್ಟು, ಆರಿಸಿ ಆರಿಸಿ ಗುಣ ನೆಲೆನಿಂತ ಮೇಲೆ ಕೊಟ್ಟರೆ ಅದು ಸುಧಾರಿತ ತಳಿ. ಇದರ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ನಾವು ತಿನ್ನುವ ಕಡಲೆ, ಹೆಸರು, ಉದ್ದುಗಳಲ್ಲಿ ಹೊಸದೇನು ಬಂದಿದ್ದರೂ ಹೆಚ್ಚಾಗಿ ಈ ಎರಡನೆಯ ಬಗೆಯದು. ಕಬ್ಬಿಣದ ಅಂಶ ಹೆಚ್ಚಿರಲೆಂದು ಬೆಳೆಸಿದ ‘ಪೂಸಾ ಅಗೇತಿ ಮಸೂರ್’ ಕೂಡ ಹೈಬ್ರಿಡ್ ಅಲ್ಲ.

ಕಡಲೆಯಲ್ಲಿ ಹೈಬ್ರಿಡ್ ಯಾಕಿಲ್ಲ ಎಂದು ತಿಳಿಯಬೇಕಾದರೆ ಒಂದು ಮೊಗ್ಗು ಬಿಡಿಸಿ ನೋಡಬೇಕು. ಹೂ ಅರಳುವ ಮೊದಲೇ ಒಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಸಂಕರ ಮಾಡಬೇಕೆಂದರೆ ಎಳೆ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ, ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗ ಸವರಬೇಕು. ಇಷ್ಟೆಲ್ಲ ಮಾಡಿದ ಮೇಲೆ ಒಂದು ಕಾಯಿ, ಒಳಗೆ ಒಂದೋ ಎರಡೋ ಕಾಳು. ವಿಜ್ಞಾನಿಯ ಕುಂಡಕ್ಕೆ ಅಷ್ಟು ಸಾಕು, ಅಂಗಡಿಯ ಚೀಲ ತುಂಬೀತೇ? ಮೆಂಡೆಲ್ ಬಟಾಣಿ ಹೂಗಳ ಜೊತೆ ವರ್ಷಗಟ್ಟಲೆ ಮಾಡಿದ್ದು ಇದೇ ಸೂಕ್ಷ್ಮ ಕೈಕೆಲಸ. 1866ರಲ್ಲಿ ಅಚ್ಚಾದ ಅವನ ಪ್ರಬಂಧದ ಶೀರ್ಷಿಕೆಯಲ್ಲೇ ‘ಹೈಬ್ರಿಡ್’ ಇದೆ, ಬಟಾಣಿಯೂ ದ್ವಿದಳವೇ. ಆದರೂ ಅವನೇನೂ ಬೀಜದ ಅಂಗಡಿ ಇಟ್ಟಿರಲಿಲ್ಲ.

ತೊಗರಿಯದು ಬೇರೆ ಕತೆ. ತೊಗರಿ ಹೂವಿಗೆ ಜೇನು, ದುಂಬಿಗಳು ಬರುತ್ತವೆ. ಬೇರೆ ಗಿಡದ ಪರಾಗದಿಂದ ಕಟ್ಟಿದ ಕಾಳು ಹಲವು ಕಡೆ ಶೇ 20ನ್ನೂ ದಾಟುತ್ತದೆ. ‘ನಮ್ದು ಅಪ್ಪಟ ಜವಾರಿ, ಸಂಕರ ಗಿಂಕರ ಏನಿಲ್ಲ’ ಎನ್ನುವವರ ಹೊಲದಲ್ಲೇ ದಿನವಿಡೀ ಸಂಕರ ನಡೆದಿರುತ್ತದೆ, ಹೇಳಿದರೆ ಬೇಜಾರಾಗುತ್ತಾರೆ. ದ್ವಿದಳಗಳಲ್ಲಿ ನಿಜವಾದ ಹೈಬ್ರಿಡ್ ಮೊದಲು ಬಂದದ್ದೂ ತೊಗರಿಯಲ್ಲೇ: ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಿಂದ 1991ರಲ್ಲಿ ಹೊರಬಂದ ಐಸಿಪಿಎಚ್-8. ಅದರ ಬೀಜೋತ್ಪಾದನೆಯಲ್ಲಿ, ಬೇರೆ ಸಾಲಿನ ಪರಾಗವನ್ನಷ್ಟೇ ಪಡೆಯಬೇಕಾದ ಹೆಣ್ಣು ಸಾಲಿನ ಅರ್ಧದಷ್ಟು ಗಿಡಗಳು ತಾವೇ ಪರಾಗ ಬಿಡುತ್ತಿದ್ದವು; ಹೂ ಬಂದಾಗ ಒಂದೊಂದನ್ನೂ ಗುರುತಿಸಿ ಕೀಳಬೇಕು. ಅಷ್ಟು ಆಳು ಯಾರ ಬಳಿ ಇದ್ದಾರೆ? ತಳಿ ಅಲ್ಲಿಗೇ ನಿಂತಿತು. ಆಮೇಲೆ ‘ಕಜಾನಸ್ ಕಜಾನಿಫೋಲಿಯಸ್’ ಎಂಬ ಕಾಡು ತೊಗರಿಯ ಕೋಶದ್ರವ್ಯ ತಂದು, ಪರಾಗವೇ ಬಿಡದ ಹೆಣ್ಣು ಸಾಲು ಕಟ್ಟಿದರು. ಆ ದಾರಿಯಲ್ಲಿ ಹುಟ್ಟಿದ ಐಸಿಪಿಎಚ್-2671 ಮಧ್ಯಪ್ರದೇಶದಲ್ಲಿ 2010ರಲ್ಲಿ ಬಿಡುಗಡೆಯಾಯಿತು. ಆದರೆ ಕಲಬುರಗಿ ಕಡೆ ಮನೆಮಾತಾದ ‘ಮಾರುತಿ’, ನೆಟೆ ರೋಗಕ್ಕೆ ಜಗ್ಗದ ತಳಿ, ಹೈಬ್ರಿಡ್ ಅಲ್ಲ. ಅದಕ್ಕೆ ಸಂಕರವನ್ನೇ ಮಾಡಿಲ್ಲ. ಸ್ಥಳೀಯ ತಳಿಯೊಂದರಿಂದ ಆರಿಸಿ ತೆಗೆದದ್ದು.

ಅಣ್ಣಿಗೇರಿ ಕಡಲೆಯ ಮುಂದೆ ಈ ಜವಾರಿ–ಹೈಬ್ರಿಡ್ ಜೋಡಿ ಪೂರಾ ಸೋಲುತ್ತದೆ. ಅಣ್ಣಿಗೇರಿ-1 ಧಾರವಾಡ ಸೀಮೆಯ ಊರ ಕಡಲೆಯಿಂದಲೇ ಆರಿಸಿದ ತಳಿ. ಅದು ಸೊರಗು ರೋಗಕ್ಕೆ ಬಲಿಯಾಗುತ್ತಿತ್ತೆಂದು ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಇಕ್ರಿಸ್ಯಾಟ್ ಜೊತೆ ಸೇರಿ, ರೋಗ ತಡೆಯುವ ಡಬ್ಲ್ಯುಆರ್-315 ಎಂಬ ತಳಿಗೆ ಸಂಕರಿಸಿ, ಬಂದ ಪೀಳಿಗೆಯನ್ನು ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿ, ಬೇಕಾದ ವಂಶವಾಹಿ ಉಳಿದಿದೆಯೇ ಎಂದು ಪ್ರತಿ ಸಲ ಡಿಎನ್‌ಎ ಗುರುತು ನೋಡಿ ‘ಸೂಪರ್ ಅಣ್ಣಿಗೇರಿ-1’ ಮಾಡಿದರು. ಸಂಕರಣ ಆಗಿದೆ, ಹೈಬ್ರಿಡ್ ಅಲ್ಲ. ಪ್ರಯೋಗಾಲಯದ ಕೆಲಸ ಆಗಿದೆ, ಬೇರೆ ಜೀವಿಯ ವಂಶವಾಹಿ ಸೇರಿಸಿದ ಕುಲಾಂತರಿಯೂ ಅಲ್ಲ. ಜವಾರಿಯೇ? ನೀವೇ ಹೇಳಿ.

ಗೊಂದಲ ಶುರುವಾದದ್ದು ಹತ್ತಿಯಿಂದ ಎಂಬುದು ನನ್ನ ಅನುಮಾನ. 2002ರಲ್ಲಿ ಬಿಟಿ ಎಂಬ ಕುಲಾಂತರಿ ಹತ್ತಿ ಬಂದಾಗ ಅದು ಬಂದದ್ದೇ ಹೈಬ್ರಿಡ್ ರೂಪದಲ್ಲಿ. ಎರಡು ಪದ ಒಂದೇ ಪೊಟ್ಟಣದಲ್ಲಿ ಬಂದವು, ಹಾಗೇ ಅಂಟಿಕೊಂಡವು. ಅಂದಿನಿಂದ ಜನರ ಲೆಕ್ಕದಲ್ಲಿ ಕಂಪನಿ ಹೆಸರಿರುವ ಪೊಟ್ಟಣದ ಬೀಜವೆಲ್ಲ ಹೈಬ್ರಿಡ್ಡು, ಹೈಬ್ರಿಡ್ಡೆಲ್ಲ ಬಿಟಿ. ಕುಲಾಂತರಿ ಬೇಳೆಕಾಳು ಯಾವುದಕ್ಕೂ ನಮ್ಮ ದೇಶದಲ್ಲಿ ಬೇಸಾಯದ ಅನುಮತಿಯೇ ಸಿಕ್ಕಿಲ್ಲ ಅಂದರೆ ಯಾರೂ ನಂಬುವುದಿಲ್ಲ.

ಅಂಗಡಿಯೊಳಗೆ ಹೋಗಿ ಚೀಲದ ಚೀಟಿ ನೋಡಿದೆ. ಜೆಜಿ-11. ಬೆಳೆದ ಕಾಳನ್ನೇ ಎತ್ತಿಟ್ಟು ಎರಡು ಮೂರು ವರ್ಷ ಆರಾಮಾಗಿ ಬಿತ್ತಬಹುದಾದ ಸುಧಾರಿತ ತಳಿ.

‘ಇದು ಹೈಬ್ರಿಡ್ ಅಲ್ಲಲ್ರೀ?’

‘ಅಲ್ರೀ ಸರ.’

‘ಮತ್ತ ಬೋರ್ಡಿನ ಮ್ಯಾಲ?’

‘ರೈತರು ಹಂಗ ಕೇಳ್ತಾರ್ರೀ, ಹಂಗ ಬರ್ಸೇವಿ.’