ಕೆರೆ ದಂಡೆಗೆ ಬಜೆಟ್, ಕೆರೆ ನೀರಿಗೆ ಕೋರ್ಟ್

ಬಜೆಟ್ ಬಂದಾಗಲೆಲ್ಲ ಬೆಂಗಳೂರಿನ ಕೆರೆಗಳಿಗೆ ಇಷ್ಟು ಕೋಟಿ ಅಂತ ಒಂದು ಸಾಲು ಇರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಯಾವುದಾದರೊಂದು ಕೆರೆಯಲ್ಲಿ ಮೀನು ಸತ್ತು ತೇಲುತ್ತವೆ. ನಡುವೆ ಹಸಿರು ನ್ಯಾಯಮಂಡಳಿ, ಬಫರ್ ವಲಯ, ಪ್ರಾಧಿಕಾರ, ದತ್ತು, ಸೆಸ್, ಈಗ ಐದು ಪಾಲಿಕೆ. ದಿನಾ ಪೇಪರ್ ಓದುವವರಿಗೂ ಯಾವುದಕ್ಕೆ ಯಾವುದು ತಳುಕು ಅಂತ ಗೊತ್ತಾಗುವುದು ಕಷ್ಟ. ದುಡ್ಡೇ ಬರುತ್ತಿಲ್ಲ ಅಂತ ಮಾತ್ರ ಹೇಳುವ ಹಾಗಿಲ್ಲ. ಬರುತ್ತಿದೆ. ಆದರೆ ಅದು ಕೆರೆಯ ದಂಡೆ ದಾಟಿ ನೀರಿನ ತನಕ ಹೋಗುವುದು ಅಪರೂಪ.

ಹಳೇ ಕಾಲದ್ದು ಚುಟುಕಾಗಿ ಹೇಳಿಬಿಡೋಣ. ಕೆರೆ ಕಟ್ಟಿಸಿದವರಿಗೆ, ಏರಿ ನೋಡಿಕೊಳ್ಳುವವರಿಗೆ ಕಟ್ಟುಕೊಡಿಗೆ ಅಂತ ಜಮೀನು ಬಿಡುತ್ತಿದ್ದರು. ತೂಬು ತೆಗೆದು ಮುಚ್ಚುವ ನೀರಗಂಟಿಗೆ ಬೆಳೆಯಲ್ಲಿ ಪಾಲು ಸಿಗುತ್ತಿತ್ತು. 1894ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಊರೊಳಗಿನ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಸ್ಟೇಡಿಯಂ ಆಯಿತು. 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಬಂತು. ಕೆರೆ ಒಡೆಯಬೇಡಿ, ಕೊಳಕು ನೀರು ಬಿಡಬೇಡಿ, ಈಗಾಗಲೇ ಒಡೆದುಹೋದ ಕೆರೆಗಳಲ್ಲಿ ಗಿಡ ನೆಡಿ ಅಂತ ಹೇಳಿತು. 1988ರಲ್ಲಿ ಸರ್ಕಾರ ಅದನ್ನು ಒಪ್ಪಿತು. ಗಿಡ ನೆಡುವ ಭಾಗ ಅಲ್ಲಲ್ಲಿ ನಡೆಯಿತು. ಕೊಳಕು ನೀರಿನ ಭಾಗ ಹಾಗೇ ಉಳಿಯಿತು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನಕ್ಕೆ ಹೋಗಬೇಕು, ಏಕೆಂದರೆ ಇವತ್ತಿನ ಗೋಜಲು ಶುರುವಾಗಿದ್ದೇ ಇಲ್ಲಿ.

90ರ ದಶಕದ ಕೊನೆಯಲ್ಲಿ ಹೆಬ್ಬಾಳ ಮತ್ತು ಮಡಿವಾಳ ಕೆರೆಗಳಿಗೆ ನಾರ್ವೆ ದೇಶದ ನೆರವು ಸಿಕ್ಕಿತು. 2001ರಲ್ಲಿ ಕೇಂದ್ರದ ರಾಷ್ಟ್ರೀಯ ಕೆರೆ ಸಂರಕ್ಷಣಾ ಯೋಜನೆ ಬಂತು. ಅದರಲ್ಲಿ ನಾಗವಾರದಂಥ ಕೆರೆಗಳಿಗೂ ಪಾಲು ಸಿಕ್ಕಿತು. 2002ರ ಜುಲೈನಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೆಸರು ಪ್ರಾಧಿಕಾರ, ಆದರೆ ನೋಂದಣಿಯಾದದ್ದು ಒಂದು ಸೊಸೈಟಿಯಾಗಿ. ಒತ್ತುವರಿ ತೆರವು ಮಾಡಿಸುವ ಅಧಿಕಾರ ಇರಲಿಲ್ಲ. ಕೆರೆಗೆ ಚರಂಡಿ ನೀರು ಬಂದರೆ ಜಲಮಂಡಳಿಗೆ ಕಾಗದ ಬರೆಯಬಹುದಿತ್ತು, ಅಷ್ಟೇ. ಸ್ವಂತ ಆದಾಯ ಅಂತ ಹೇಳಿಕೊಳ್ಳುವಂಥದ್ದೂ ಇರಲಿಲ್ಲ.

ಕೆರೆ ಒಮ್ಮೆ ಸರಿಮಾಡಿದರೆ ಮುಗಿಯುವುದಿಲ್ಲ, ದಿನಾ ನೋಡಿಕೊಳ್ಳಬೇಕು. ಅದಕ್ಕೆ ದುಡ್ಡು ಎಲ್ಲಿಂದ ತರುವುದು? ಆಗ ಸಿಕ್ಕ ಉತ್ತರ ಪ್ರವಾಸೋದ್ಯಮ. ಕೆರೆಯನ್ನು 15 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಡುವುದು, ಅವರು ದೋಣಿ ಬಿಡುತ್ತಾರೆ, ಹೋಟೆಲ್ ನಡೆಸುತ್ತಾರೆ, ಟಿಕೆಟ್ ಇಡುತ್ತಾರೆ, ಬಂದ ಲಾಭದಲ್ಲಿ ಕೆರೆ ನೋಡಿಕೊಳ್ಳುತ್ತಾರೆ. ಕೆರೆಯ ಖರ್ಚು ಕೆರೆಯೇ ದುಡಿದುಕೊಳ್ಳಲಿ ಅನ್ನುವ ಲೆಕ್ಕ. ಆ ಹೊತ್ತಿಗೆ ಬಹಳ ಜನಕ್ಕೆ ಇದು ಸರಿ ಅಂತಲೇ ಅನ್ನಿಸಿತ್ತು. ಹಲಸೂರು ಕೆರೆಯಲ್ಲಿ ದೋಣಿ ಹೋಗುತ್ತಿರಲಿಲ್ವಾ?

ಹೆಬ್ಬಾಳ, ನಾಗವಾರ, ಅಗರ, ಕೆ.ಆರ್. ಪುರದ ವೆಂಗಯ್ಯನಕೆರೆ ಈ ಪಟ್ಟಿಗೆ ಬಂದವು. ನಾಗವಾರದಲ್ಲಿ ದೋಣಿವಿಹಾರ, ಕೃತಕ ಅಲೆಯ ಕೊಳ ಎಲ್ಲ ಆಯಿತು. ಇಲ್ಲಿ ಎರಡು ತಕರಾರು ಎದ್ದವು. ಒಂದು, ಹೆಬ್ಬಾಳ ಮತ್ತು ನಾಗವಾರಕ್ಕೆ ಆಗಲೇ ಸಾರ್ವಜನಿಕ ದುಡ್ಡು ಹಾಕಿ ಆಗಿತ್ತು. ಸರ್ಕಾರ ರಿಪೇರಿ ಮಾಡಿದ ಮನೆಯನ್ನು ಬೇರೆಯವರು ಬಾಡಿಗೆಗೆ ಕೊಟ್ಟ ಹಾಗಾಯಿತಲ್ಲ ಅಂತ ಜನ ಕೇಳಿದರು. ಇನ್ನೊಂದು, ಕೆರೆಯನ್ನು ಬಿಟ್ಟಿಯಾಗಿ ಬಳಸುತ್ತಿದ್ದವರದು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನಕ್ಕೆ ಹುಲ್ಲು ಕೊಯ್ಯುವವರು. ಟಿಕೆಟ್ ಕೌಂಟರ್ ಬಂದ ಮೇಲೆ ಇವರು ಎಲ್ಲಿಗೆ ಹೋಗಬೇಕು?

ನನಗೆ ಮುಖ್ಯ ಅನ್ನಿಸುವುದು ಅಷ್ಟಾಗಿ ಚರ್ಚೆಯಾಗದ ಮೂರನೆಯದು. ದೋಣಿಯ ಆದಾಯ ದಂಡೆಯ ಮೇಲೆ ಹುಟ್ಟುತ್ತದೆ. ಕೊಳಕು ನೀರಿನ ಖರ್ಚು ಇರುವುದು ಮೇಲೆ, ಊರಿನ ಸಾವಿರ ಮನೆಗಳ ಪೈಪಿನಲ್ಲಿ. ಟಿಕೆಟ್ ಮಾರುವವರು ಎಷ್ಟೇ ಒಳ್ಳೆಯವರಾದರೂ ಆ ಪೈಪಿನ ತನಕ ಅವರ ಕೈ ಚಾಚುವುದಿಲ್ಲ. ಅಂದರೆ ಈ ಲೆಕ್ಕ ಕೂಡುವುದೇ ಇಲ್ಲ, ಗುತ್ತಿಗೆದಾರ ಯಾರೇ ಆಗಿರಲಿ.

2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಅನ್ನುವ ಸಂಸ್ಥೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೆರೆಗಳನ್ನು ನೋಡಿ ವರದಿ ಕೊಟ್ಟಿತು. 2012ರಲ್ಲಿ ತೀರ್ಪು ಬಂತು. ಕೆರೆ ಗುತ್ತಿಗೆ ಕೊಡುವ ಭರಾಟೆ ಅಲ್ಲಿಗೆ ನಿಂತಿತು.

ಗುತ್ತಿಗೆ ಹೋಯಿತು, ದಂಡೆಯ ಮೇಲಷ್ಟೇ ನಿಲ್ಲುವ ಆ ಲೆಕ್ಕಾಚಾರ ಹೋಗಲಿಲ್ಲ. ಕೆರೆಗಳು ಪಾಲಿಕೆ, ಬಿಡಿಎ ಕೈಗೆ ಬಂದವು. ದುಡ್ಡು ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆಯಿಂದ, ಪಾಲಿಕೆ ಬಜೆಟ್‌ನಿಂದ ಬರತೊಡಗಿತು. ಒಂದು ಕೆರೆಯ ಎಸ್ಟಿಮೇಟ್ ತೆಗೆದು ನೋಡಿದರೆ ಸಾಮಾನ್ಯವಾಗಿ ಇಷ್ಟು ಇರುತ್ತದೆ: ಹೂಳೆತ್ತುವುದು, ಏರಿ ಬಲಪಡಿಸುವುದು, ಕೋಡಿ ರಿಪೇರಿ, ತಂತಿ ಬೇಲಿ, ವಾಕಿಂಗ್ ಪಾತ್, ಗೇಟು, ಗಣೇಶ ಬಿಡುವ ಕಲ್ಯಾಣಿ, ಕೂರಲು ಬೆಂಚು. ಎಲ್ಲವೂ ಅಳೆದು ಬಿಲ್ ಮಾಡಬಹುದಾದ ಕೆಲಸ. ಹೂಳು ಘನ ಮೀಟರ್‌ನಲ್ಲಿ, ಬೇಲಿ ಮೀಟರ್‌ನಲ್ಲಿ. ಮಾರ್ಚ್ ಮುಗಿಯುವ ಮುಂಚೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಪಾಸ್ ಮಾಡಿಸಬಹುದು. ಗೇಟಿನ ಪಕ್ಕದ ಬೋರ್ಡಿನಲ್ಲಿ ಕಾಮಗಾರಿ ಹೆಸರು, ಅಂದಾಜು ಮೊತ್ತ ಬರೆಸಬಹುದು. ಜೊಂಡು ಕೀಳುವುದು, ಒಳಹರಿವಿನ ಬಾಯಲ್ಲಿ ಸಿಕ್ಕಿದ ಪ್ಲಾಸ್ಟಿಕ್ ತೆಗೆಯುವುದು ವರ್ಷಪೂರ್ತಿ ಇರುವ ಕೆಲಸ. ಅದು ನಿರ್ವಹಣೆಯ ಲೆಕ್ಕಕ್ಕೆ ಬರುತ್ತದೆ. ಕತ್ತರಿ ಬೀಳುವುದು ಮೊದಲು ಅಲ್ಲಿಗೇ.

ಕೊಳಕು ನೀರಿಗೂ ಎಸ್ಟಿಮೇಟಿನಲ್ಲಿ ಒಂದು ಸಾಲು ಇರುತ್ತದೆ, ಇಲ್ಲ ಅಂತಲ್ಲ. ಡೈವರ್ಷನ್ ಕಾಲುವೆ. ಮೇಲಿಂದ ಬರುವ ಚರಂಡಿ ನೀರನ್ನು ಕೆರೆಗೆ ಬಿಡದೆ ಪಕ್ಕದಲ್ಲೇ ಸಾಗಿಸಿ ಕೋಡಿಯ ಕೆಳಗೆ ಬಿಡುವುದು. ಈ ಕೆರೆ ಉಳಿಯಿತು. ನೀರು ಕೆಳಗಿನ ಕೆರೆಗೆ ಹೋಯಿತು. ಅದಕ್ಕೂ ಒಂದು ಡೈವರ್ಷನ್, ಆಮೇಲೆ ಅದರ ಕೆಳಗಿನದಕ್ಕೆ. ಬೆಂಗಳೂರಿನ ಕೆರೆಗಳು ಸರಪಳಿ ಅಲ್ವಾ, ಕೊನೆಯಲ್ಲಿ ಇರುವವರು ಎಲ್ಲರದ್ದೂ ಉಣ್ಣಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಆ ಪಾಲು ಬೆಳ್ಳಂದೂರು, ವರ್ತೂರಿಗೆ ಬಂತು.

ಮುಂದಿನದು ದೇಶಕ್ಕೇ ಗೊತ್ತು. 2015ರಲ್ಲಿ ನೊರೆ ರಸ್ತೆಗೆ ಬಂತು, ಕೆರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರು ಇಳಿಯಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ಕೆಲಸಕ್ಕೆ ಅಂತ 500 ಕೋಟಿ ಬೇರೆ ಖಾತೆಯಲ್ಲಿ ತೆಗೆದಿಡಿ ಅಂದಿತು. ಉಸ್ತುವಾರಿಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಸಮಿತಿ ನೇಮಕವಾಯಿತು. ಬಜೆಟ್‌ನಲ್ಲಿ ಆಗಬೇಕಾದ ತೀರ್ಮಾನವನ್ನು ಕೋರ್ಟು ಮಾಡಿತು. (ಹೆಮ್ಮಿಗೆಪುರದಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ ಅನ್ನುವ ವೀಕ್ಷಣಾ ಗೋಪುರಕ್ಕೆ 2024ರಲ್ಲಿ ಸಂಪುಟ ಒಪ್ಪಿದ ಅಂದಾಜೂ ಹೆಚ್ಚುಕಡಿಮೆ 500 ಕೋಟಿಯೇ. ಅದಕ್ಕೆ ಯಾವ ನ್ಯಾಯಮಂಡಳಿಯೂ ಹೇಳಬೇಕಾಗಲಿಲ್ಲ.)

ಈ ನಡುವೆ ಕಾನೂನೂ ಬದಲಾಗುತ್ತಿತ್ತು. 2014ರ ಕಾಯ್ದೆಯಿಂದ ಹೊಸ ಕೆರೆ ಪ್ರಾಧಿಕಾರ ಬಂತು. 2018ರಲ್ಲಿ ಅದನ್ನೂ ತೆಗೆದು ಸಣ್ಣ ನೀರಾವರಿ ಇಲಾಖೆಯ ಪ್ರಾಧಿಕಾರದಲ್ಲಿ ಸೇರಿಸಿದರು. ಬಫರ್, ಅಂದರೆ ಕೆರೆ ಸುತ್ತ ಕಟ್ಟಡ ಕಟ್ಟಬಾರದ ಜಾಗ, 30 ಮೀಟರ್ ಇತ್ತು, 2016ರಲ್ಲಿ ನ್ಯಾಯಮಂಡಳಿ 75 ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2025ರಲ್ಲಿ ಕೆರೆಯ ಗಾತ್ರ ನೋಡಿ ಬಫರ್ ಇಡುವ ಮಸೂದೆ ಬಂತು. ಇನ್ನು ಒಂದು ಕೆರೆಗೆ ಎಷ್ಟು ಯಜಮಾನರು ನೋಡಿ. ಗಡಿ ಅಳೆಯುವುದು ಕಂದಾಯ ಇಲಾಖೆ, ಅಂಗಳ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಮೀನು ಮೀನುಗಾರಿಕೆ ಇಲಾಖೆಯದು, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಗಾದೆ ಸುಮ್ನೆ ಹುಟ್ಟಲಿಲ್ಲ.

ಇಷ್ಟರಲ್ಲೂ ಒಂದು ಕಡೆ ಲೆಕ್ಕ ಕೂಡಿದೆ, ಜಕ್ಕೂರಿನಲ್ಲಿ. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ. ಶುರುವಿನಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ, ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹಾದು ಬರುತ್ತದೆ. ಉಳಿದ ಸಾರಜನಕ, ರಂಜಕವನ್ನು ಗಿಡಗಳು ಒಂದಷ್ಟು ಎಳೆದುಕೊಳ್ಳುತ್ತವೆ. ಮೀನು ಇದೆ, ಮೀನುಗಾರರಿದ್ದಾರೆ, ಹಕ್ಕಿ ನೋಡಲು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅಲ್ಲೂ ತೊಂದರೆ ಇಲ್ಲ ಅಂತಲ್ಲ. ಆದರೆ ಅಲ್ಲಿ ದುಡ್ಡು ಮೊದಲು ನೀರಿಗೆ ಬಿತ್ತು, ಜನ ಆಮೇಲೆ ಬಂದರು. ಇಂಥದೇ ಶುದ್ಧೀಕರಿಸಿದ ನೀರನ್ನು ದೊಡ್ಡ ಪ್ರಮಾಣದಲ್ಲಿ ಪಂಪ್ ಮಾಡುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಗೆ ಸಾವಿರ ಕೋಟಿಗೂ ಜಾಸ್ತಿ ಸಿಕ್ಕಿತು. ಅದು ಕೋಲಾರದ ಕೆರೆಗಳ ಬಾಯಾರಿಕೆಗೆ ಸಿಕ್ಕ ದುಡ್ಡು, ಬೆಂಗಳೂರಿನ ಕೆರೆಗಳಿಗಲ್ಲ.

ಹೊಸ ಹೆಸರಿನ ಪ್ರಯತ್ನಗಳೂ ನಡೆದಿವೆ. 2022-23ರ ರಾಜ್ಯ ಬಜೆಟ್‌ನಲ್ಲಿ ಪರಿಸರ ಬಜೆಟ್ ಅಂತ 100 ಕೋಟಿ ಇಟ್ಟರು. 2024ರ ನವೆಂಬರ್‌ನಲ್ಲಿ ನೀರಿನ ಬಿಲ್ಲಿನ ಮೇಲೆ ಹಸಿರು ಸೆಸ್ ಹಾಕುವ ಪ್ರಸ್ತಾಪ ಅರಣ್ಯ ಸಚಿವರಿಂದ ಬಂತು. ಅದು ಪಶ್ಚಿಮ ಘಟ್ಟದ ಹೆಸರಿನಲ್ಲಿ. ಘಟ್ಟದಿಂದ ಬಂದ ನೀರು ಬಳಸಿ ಆದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಆ ಚರ್ಚೆಯಲ್ಲಿ ಬರಲಿಲ್ಲ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆ. ಕೆರೆಗಳ ಮಟ್ಟಿಗೆ ಇದರ ಅರ್ಥ ಏನು ಅಂತ ತಿಳಿಯಲು ಮಳೆನೀರು ಹರಿಯುವ ದೊಡ್ಡ ಕಾಲುವೆ, ಕೆ-100 ರಾಜಕಾಲುವೆ ಒಂದನ್ನು ನೋಡಿದರೆ ಸಾಕು. ಅದು ಮೆಜೆಸ್ಟಿಕ್ ಕಡೆಯಿಂದ ಹೊರಟು ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಸೇರುತ್ತದೆ. ಅದರ ದಂಡೆಯಲ್ಲಿ ಜನ ಓಡಾಡುವ ಹಾದಿ ಮಾಡುವ ಕೆಲಸ ಹಳೇ ಪಾಲಿಕೆಯ ಕಾಲದಲ್ಲೇ ಶುರುವಾಗಿದೆ. ಶಾಂತಿನಗರ ಈಗ ಕೇಂದ್ರ ಪಾಲಿಕೆಯಲ್ಲಿದೆ, ಕೋರಮಂಗಲ ದಕ್ಷಿಣದಲ್ಲಿ, ಬೆಳ್ಳಂದೂರು ಪೂರ್ವದಲ್ಲಿ. ಶಾಂತಿನಗರದ ಗಲ್ಲಿಯೊಂದರಲ್ಲಿ ಕಾಲುವೆಗೆ ಬಿಟ್ಟಿರುವ ಪೈಪನ್ನು ಒಳಚರಂಡಿಗೆ ಜೋಡಿಸಿದರೆ, ಜೋಡಿಸಿದ ಪಾಲಿಕೆಗೆ ಫೋಟೊ ತೆಗೆದು ತೋರಿಸಲು ಅಲ್ಲಿ ಕೆರೆಯೇ ಇಲ್ಲ. ಫಲ ಕಾಣುವುದು ಕಿಲೋಮೀಟರ್‌ಗಟ್ಟಲೆ ಕೆಳಗೆ, ಇನ್ನೊಂದು ಪಾಲಿಕೆಯ ವ್ಯಾಪ್ತಿಯಲ್ಲಿ.