ಅಮ್ಮನ ಬಿಪಿ ಮಾತ್ರೆ ಹಿಂದೆ ಮೊಲ, ನಾಯಿ, ಹಾವು

ಅಮ್ಮಂಗೆ ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ಬರ್ಕೊಟ್ಟ ಡಾಕ್ಟ್ರು ಎರಡು ವಾರ ಬಿಟ್ಟು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತದ ಟೆಸ್ಟ್), ಪೊಟ್ಯಾಸಿಯಂ ಟೆಸ್ಟ್ ಮಾಡ್ಸಿ ಅಂದ್ರು. ಬಿಪಿ ಬಂದಿದ್ದು ಟೆನ್ಷನ್ನಿಂದ ಅಲ್ವಾ, ಕಿಡ್ನಿ ಯಾಕೆ ನೋಡ್ತಾರೆ ಅಂತ ಅಮ್ಮ ಕೇಳಿದ್ಲು. ನಮ್ಮಲ್ಲಿ ಎಷ್ಟೋ ಜನ ಹಂಗೇ ಅಂದ್ಕೊಂಡಿರೋದು, ಅದಕ್ಕೇ ಇದನ್ನ ಬರೀತಿದ್ದೀನಿ.

1898ರಲ್ಲಿ ಸ್ವೀಡನ್‌ನ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ವೈದ್ಯಕೀಯ ಸಂಸ್ಥೆಯಲ್ಲಿ ಟೀಗರ್‌ಸ್ಟೆಟ್ ಅನ್ನೋ ವಿಜ್ಞಾನಿ ತನ್ನ ಸ್ಟೂಡೆಂಟ್ ಬರ್ಗ್‌ಮನ್ ಜೊತೆ ಸೇರಿ ಮೊಲದ ಕಿಡ್ನಿ ಅರೆದು, ಅದರ ರಸ ತೆಗೆದು ಬೇರೆ ಮೊಲಗಳ ರಕ್ತನಾಳಕ್ಕೆ ಚುಚ್ಚಿದ್ರು, ಬಿಪಿ ಏರ್ತು. ಆ ರಸದಲ್ಲಿರೋ ವಸ್ತುಗೆ ರೆನಿನ್ ಅಂತ ಹೆಸರಿಟ್ರು. ಆಮೇಲೆ ಕೆಲವರು ಅದೇ ಪ್ರಯೋಗ ಮಾಡೋಕೆ ಹೋಗಿ ಸರಿಯಾಗಿ ಬರಲಿಲ್ಲ, ವಿಷಯ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅಲ್ಲೇ ಮೂಲೆ ಸೇರ್ತು. ನಂಗೆ ಈ ಕಥೆಯಲ್ಲಿ ತುಂಬಾ ಬೇಜಾರಾಗೋದು ಇದೇ.

ಮತ್ತೆ ಎತ್ತಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಡಾಕ್ಟ್ರು ಗೋಲ್ಡ್‌ಬ್ಲಾಟ್. ಪೋಸ್ಟ್‌ಮಾರ್ಟಂ ಮಾಡುವಾಗ ಬಿಪಿ ಇದ್ದವರ ಕಿಡ್ನಿ ರಕ್ತನಾಳ ಕಿರಿದಾಗಿರೋದು ಅವರ ಕಣ್ಣಿಗೆ ಬಿದ್ದಿತ್ತು. ಹಂಗಾದ್ರೆ ನಾವೇ ಕಿರಿದು ಮಾಡಿದ್ರೆ ಏನಾಗುತ್ತೆ ಅಂತ ನಾಯಿಗಳ ಕಿಡ್ನಿ ನಾಳಕ್ಕೆ ಬೆಳ್ಳಿ ಕ್ಲಾಂಪ್ ಹಾಕಿ ಬಿಗಿ ಮಾಡಿದ್ರು, ಬಿಪಿ ಏರಿದ್ದು ಇಳೀಲೇ ಇಲ್ಲ. ಅದು ಪ್ರಕಟ ಆಗಿದ್ದು 1934ರಲ್ಲಿ.

ನಡೆಯೋದು ಇಷ್ಟು. ತನಗೆ ಬರೋ ರಕ್ತ ಕಮ್ಮಿ ಆಯ್ತು ಅನ್ನಿಸಿದ್ರೆ ಕಿಡ್ನಿ ರೆನಿನ್ ಬಿಡುತ್ತೆ, ಅದು ಲಿವರ್‌ನಿಂದ ಬಂದ ಒಂದು ಪ್ರೋಟೀನನ್ನ ಕತ್ತರಿಸುತ್ತೆ, ಆ ತುಂಡನ್ನ ಎಸಿಇ ಅನ್ನೋ ಎಂಜೈಮ್, ಮುಖ್ಯವಾಗಿ ಶ್ವಾಸಕೋಶದಲ್ಲಿ, ಇನ್ನೂ ಕತ್ತರಿಸಿ ಆಂಜಿಯೋಟೆನ್ಸಿನ್-2 ಮಾಡುತ್ತೆ. ಇದು ರಕ್ತನಾಳ ಬಿಗಿ ಮಾಡುತ್ತೆ, ಜೊತೆಗೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಅನ್ನೋ ಹಾರ್ಮೋನ್ ಬಿಡ್ಸುತ್ತೆ, ಅದು ಉಪ್ಪು, ನೀರು ಹಿಡಿದಿಟ್ಕೊಂಡು ಪೊಟ್ಯಾಸಿಯಂ ಹೊರಗೆ ಕಳಿಸುತ್ತೆ. ರಕ್ತ ಸೋರಿದಾಗ, ಭೇದಿ ಆದಾಗ ಜೀವ ಉಳಿಸೋ ಏರ್ಪಾಡು ಇದು. ಬೇಡದಾಗ್ಲೂ ನಡೀತಾನೇ ಇದ್ರೆ ಬಿಪಿ.

ಇದಕ್ಕೆ ತಡೆ ಸಿಕ್ಕಿದ್ದು ಹಾವಿನ ವಿಷದಲ್ಲಿ! ಬ್ರೆಜಿಲ್‌ನ ಜರರಾಕಾ ಹಾವು, ನಮ್ಮ ಕೊಳಕುಮಂಡಲದ ದೂರದ ನೆಂಟ. ಅಲ್ಲಿನ ವಿಜ್ಞಾನಿ ಸೆರ್ಜಿಯೋ ಫೆರೇರಾ ಅದರ ವಿಷದಿಂದ 1965ರಲ್ಲಿ ಬೇರ್ಪಡಿಸಿದ ಅಂಶವನ್ನ ಲಂಡನ್‌ಗೆ, ಜಾನ್ ವೇನ್ ಅವರ ಲ್ಯಾಬ್‌ಗೆ ತಗೊಂಡು ಹೋದ್ರು, ಅಲ್ಲಿ ನೋಡಿದ್ರೆ ಅದು ಎಸಿಇಯನ್ನೇ ನಿಲ್ಲಿಸ್ತಿತ್ತು. ಆದ್ರೆ ಅದನ್ನ ಇಂಜೆಕ್ಷನ್ ಆಗಿ ಮಾತ್ರ ಕೊಡಬಹುದಿತ್ತು. ಸ್ಕ್ವಿಬ್ ಅನ್ನೋ ಔಷಧ ಕಂಪನಿಯ ಕುಶ್‌ಮನ್, ಒಂಡೆಟ್ಟಿ ಅದೇ ಕೆಲಸ ಮಾಡೋ ಚಿಕ್ಕ ಅಣು ಕಟ್ಟಿದ್ರು, ಅದೇ ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

ಈ ಜಾತಿ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತೆ, ಯಾಕಂದ್ರೆ ಎಸಿಇ ನಿಂತ್ರೆ ಅದೇ ಕರಗಿಸ್ತಿದ್ದ ಬ್ರಾಡಿಕೈನಿನ್ ಅನ್ನೋ ಇನ್ನೊಂದು ವಸ್ತುವೂ ಕರಗದೆ ಉಳಿಯುತ್ತೆ. ಆಮೇಲೆ ಬಂದ ಲೋಸಾರ್ಟನ್, ಟೆಲ್ಮಿಸಾರ್ಟನ್ ಎಸಿಇ ಸುದ್ದಿಗೇ ಹೋಗಲ್ಲ, ಆಂಜಿಯೋಟೆನ್ಸಿನ್ ಕೂರೋ ಜಾಗವನ್ನೇ ಮುಚ್ಚುತ್ತೆ, ಕೆಮ್ಮು ಕಮ್ಮಿ. ಬಸುರಿಯರಿಗೆ ಮಾತ್ರ ಎರಡೂ ಬೇಡ, ಮಗುಗೆ ಅಪಾಯ.

ಇನ್ನು ಅಮ್ಮನ ಟೆಸ್ಟ್. ಈ ಮಾತ್ರೆಯಿಂದ ಆಲ್ಡೋಸ್ಟೆರೋನ್ ಇಳಿದಾಗ ಪೊಟ್ಯಾಸಿಯಂ ಒಳಗೇ ಉಳ್ಕೋಬಹುದು, ಕಿಡ್ನಿ ವೀಕ್ ಇದ್ರಂತೂ ಇನ್ನೂ ಜಾಸ್ತಿ, ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಎಳನೀರಲ್ಲೂ ಪೊಟ್ಯಾಸಿಯಂ ತುಂಬಾ ಇರೋದ್ರಿಂದ ರಿಪೋರ್ಟ್ ಬರೋವರೆಗೂ ದಿನಾ ಕುಡಿಯೋದು ಬೇಡ ಅಂತ ಡಾಕ್ಟ್ರು ಹೇಳಿದ್ದು ಅದಕ್ಕೇ.