20 ಸಾವಿರದಲ್ಲಿ ಮನೆಗೆ ಒಳ್ಳೆ ಸ್ಟೀರಿಯೋ ಆಗುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ದು ಹೆಂಚಿನ ಮನೆ. ನಡುಮನೆಯಲ್ಲಿ ಕೂತು ಹಾಡು ಕೇಳೋಕೆ 20 ಸಾವಿರದೊಳಗೆ ಒಂದು ಸೆಟ್ ಬೇಕು. ಅಂಗಡಿಯವ್ರು 5.1 ಹೋಮ್ ಥಿಯೇಟರ್ ತಗೊಳ್ಳಿ ಅಂತಿದಾರೆ, ತಗೊಳ್ಳಲಾ?

ಬೇಡ ಮಾರಾಯ್ರೆ. ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗಿರೋದೇ ಎಡ ಬಲ ಅಂತ ಎರಡು ಚಾನೆಲ್‌ಗೆ, ಅದೇ ದುಡ್ಡನ್ನ ಐದು ಡಬ್ಬಿ ಮತ್ತೊಂದು ಸಬ್‌ವೂಫರ್‌ಗೆ (ಬರೀ ಬೇಸ್ ಕೊಡೋ ಡಬ್ಬಿ) ಹಂಚಿದ್ರೆ ಒಂದೊಂದಕ್ಕೆ ಎಷ್ಟು ಬೀಳುತ್ತೆ ನೀವೇ ಲೆಕ್ಕ ಹಾಕಿ. ಎರಡೇ ಸ್ಪೀಕರ್ ತಗೊಳ್ಳಿ, ಚೆನ್ನಾಗಿರೋದು ತಗೊಳ್ಳಿ. 12-13 ಸಾವಿರ ಸ್ಪೀಕರ್‌ಗೇ ಇಡಿ, ಉಳಿದಿದ್ರಲ್ಲಿ ಒಂದು ಸಣ್ಣ ಕ್ಲಾಸ್-ಡಿ (ಕಮ್ಮಿ ಕರೆಂಟಲ್ಲಿ ಓಡೋ ಥರದ್ದು) ಆಂಪ್ಲಿಫೈಯರ್, ಹಾಡು ಹಾಕೋಕೆ ಕೈಯಲ್ಲಿರೋ ಮೊಬೈಲೇ ಸಾಕು.

ಡಬ್ಬಿ ಮೇಲೆ ಪಿಎಂಪಿಒ (ಒಂದು ಕ್ಷಣದ ಗರಿಷ್ಠ ಪವರ್) ಅಂತ ಸಾವಿರಗಟ್ಲೆ ವ್ಯಾಟ್ ಬರ್ದಿದ್ರೆ ಅದನ್ನ ನಂಬ್ಲೇಬೇಡಿ, ಆರ್‌ಎಂಎಸ್, ಅಂದ್ರೆ ಒಂದೇ ಸಮನೆ ಕೊಡೋ ಪವರ್, ಎಷ್ಟು ಅಂತ ಕೇಳಿ. ಅದಕ್ಕಿಂತ ಮುಖ್ಯ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದ್ರೆ ಅಷ್ಟೇ ಪವರ್ ಕೊಟ್ರೆ ಎಷ್ಟು ಜೋರಾಗಿ ಕೇಳುತ್ತೆ ಅನ್ನೋ ಡೆಸಿಬೆಲ್ ಲೆಕ್ಕ. 84 ಡೆಸಿಬೆಲ್‌ ಸ್ಪೀಕರ್‌ ಬದ್ಲು 90ರದ್ದು ತಗೊಂಡ್ರೆ ಅಷ್ಟೇ ಸೌಂಡಿಗೆ ಕಾಲು ಭಾಗ ಪವರ್ ಸಾಕು, ಯಾಕಂದ್ರೆ 3 ಡೆಸಿಬೆಲ್ ಏರ್ಬೇಕು ಅಂದ್ರೆ ಪವರ್ ಡಬಲ್ ಆಗ್ಬೇಕು.

ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಜಾಲರಿ ತೆಗ್ಸಿ ಕೋನ್ (ಸೌಂಡ್ ಬರುವಾಗ ಅದುರೋ ಬಟ್ಟಲಿನಂಥ ಭಾಗ) ಸುತ್ತ ಇರೋ ಉಂಗುರ ನೋಡಿ. ಫೋಮ್ ಆಗಿದ್ರೆ ಬೆರಳು ತಾಗಿಸಿದ್ರೆ ಸಾಕು, ಹಳೇದಾದ್ರೆ ಒಣ ಎಲೆ ಥರ ಪುಡಿಪುಡಿ ಆಗುತ್ತೆ, ನಮ್ಮ ಮಳೆಗಾಲದ ತೇವಕ್ಕಂತೂ ಅದು ತಡ್ಯಲ್ಲ. ರಬ್ಬರ್ ಉಂಗುರ ಇರೋದೇ ಹುಡುಕಿ.

ಇನ್ನು ಇಡೋ ಜಾಗ. ನಾನು ಇದಕ್ಕೆ ತುಂಬಾ ಒತ್ತು ಕೊಡ್ತೀನಿ, ಯಾಕಂದ್ರೆ ಇದಕ್ಕೆ ಒಂದು ರೂಪಾಯಿನೂ ಖರ್ಚಿಲ್ಲ, ಆದ್ರೂ ಸೌಂಡ್ ಪೂರ್ತಿ ಬದಲಾಗುತ್ತೆ. ಗೋಡೆ ಮೂಲೆಗೆ ಒತ್ತಿ ಇಟ್ರೆ ಬೇಸ್ ಗುಂಯ್ ಅಂತ ಊದ್ಕೊಂಡು ಹಾಡೋರ ದನಿ ಮುಚ್ಚಿಹೋಗುತ್ತೆ. ಹಿಂದಿನ ಗೋಡೆಯಿಂದ ಒಂದಡಿನಾದ್ರೂ ಮುಂದೆ ತನ್ನಿ, ಎರಡರ ಮಧ್ಯೆ ಆರಡಿ, ನೀವು ಕೂರೋ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ, ಟ್ವೀಟರ್ (ಡಬ್ಬಿಯಲ್ಲಿರೋ ತಾರ ಸ್ವರದ ಸಣ್ಣ ಸ್ಪೀಕರ್) ಕಿವಿ ಎತ್ತರಕ್ಕೆ. ಸ್ಟ್ಯಾಂಡ್ ಕೊಳ್ಳೋದೇ ಬೇಡ, ಮನೆ ಹಿಂದೆ ಉಳಿದಿರೋ ಜಂಬಿಟ್ಟಿಗೆ ಅಲುಗಾಡದ ಹಾಗೆ ಪೇರ್ಸಿ ಮೇಲೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಕೂರಿಸಿದ್ರೆ ಅಷ್ಟು ಭಾರದ ಸ್ಟ್ಯಾಂಡ್ ಅಂಗಡಿಯಲ್ಲೂ ಸಿಗಲ್ಲ. ಆಮೇಲೆ ನಡುಮನೆಯಲ್ಲಿ ನಿಂತು ಒಂದ್ಸಲ ಚಪ್ಪಾಳೆ ತಟ್ಟಿ, ರೆಡ್ ಆಕ್ಸೈಡ್ ನೆಲದಿಂದ ಟಣ್ ಅಂತ ವಾಪಸ್ ಬಂದ್ರೆ ಸ್ಪೀಕರ್ ಮತ್ತೆ ನಿಮ್ಮ ಮಧ್ಯೆ ದಪ್ಪ ಜಮಖಾನ ಹಾಸಿ.

ದುಬಾರಿ ಕೇಬಲ್ ಬೇಡ. ಮನೆ ವೈರಿಂಗಿಗೆ ಹಾಕೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹದಿನೈದು ಅಡಿಗೆ ಧಾರಾಳ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ನೋಡಿ ಹಾಕಿ, ಒಂದು ಕಡೆ ಅದಲುಬದಲಾದ್ರೆ ಬೇಸೇ ಮಾಯ. ಸರಿ ಇದೆಯಾ ಅಂತ ತಿಳೀಬೇಕಾ, ಬರೀ ಮಾತಾಡೋ ರೆಕಾರ್ಡಿಂಗ್ ಹಾಕಿ ಕಣ್ಮುಚ್ಚಿ ಮಧ್ಯ ಕೂತ್ಕೊಳ್ಳಿ, ದನಿ ಎರಡು ಡಬ್ಬಿ ನಡುವಿನ ಖಾಲಿ ಜಾಗದಿಂದ ಬರ್ಬೇಕು.

ಮಳೆಗಾಲ ಮುಗಿದ್ಮೇಲೆ ವೈರಿನ ತುದಿ ಕಪ್ಪಗೋ ಹಸಿರೋ ಆಗಿದ್ರೆ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಗುಡುಗು ಶುರುವಾಗೋ ಮೊದ್ಲೇ ಆಂಪ್ಲಿಫೈಯರ್ ಪ್ಲಗ್ ಕಿತ್ತಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಟಿವಿಗೆ ಜೋಡಿಸಿದ್ರೆ ಡಿಶ್ ಕೇಬಲ್ಲೂ ತೆಗೀರಿ, ಸಿಡಿಲಿನ ಕರೆಂಟ್ ಅದರಲ್ಲೂ ಒಳಗೆ ಬರುತ್ತೆ.